ಕೀನ್ಯಾವನ್ನು ಕಡಲ ಕಡೆಯಿಂದ ನೋಡು

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಹತ್ತು ದಿನಕ್ಕೆ ಏಳು ಅಭಯಾರಣ್ಯ! ಮಾರಾಯ್ತಿ, ಹೀಗೆ ಹೋದರೆ ನೀನು ನೋಡುವುದು ಕೀನ್ಯಾ ಅಲ್ಲ, ಎದುರಿನ ಸೀಟಿನ ಬೆನ್ನು. ಅಲ್ಲಿನ ಬಂದರು ಮೊಂಬಾಸಾದಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವನು ಎಂಬ ಸಲಿಗೆಯಿಂದ ನಿನ್ನ ಪಟ್ಟಿಗೆ ಕತ್ತರಿ ಹಾಕಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧದಲ್ಲೇ ವಾದಕ್ಕೆ ಇಳಿಯುತ್ತೀ, ಅದಕ್ಕೇ ಈ ಕಾಗದ.

ಎಲ್ಲರೂ ನೈರೋಬಿಯಲ್ಲಿ ಇಳಿದು ಸೀದಾ ಮಸಾಯಿ ಮಾರಾ ಅಭಯಾರಣ್ಯಕ್ಕೆ ಓಡುತ್ತಾರೆ. ನೀನು ಮೊಂಬಾಸಾದಿಂದ ಶುರು ಮಾಡು. ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ, ನಮ್ಮ ಮಡಿಕೇರಿಗಿಂತ ಮೇಲೆ. ಕಡಲಿಂದ ಮೆಲ್ಲ ಹತ್ತಿದರೆ ಮಾತ್ರ ಆ ದೇಶ ಹೇಗೆ ಬದಲಾಗುತ್ತದೆ ಎಂದು ಗೊತ್ತಾಗುತ್ತದೆ. ಮೊದಲು ತೆಂಗು, ಆಮೇಲೆ ಕೆಂಪು ಮಣ್ಣಿನ ಕುರುಚಲು ಕಾಡು, ಆಮೇಲೆ ಹುಲ್ಲು, ಕೊನೆಗೆ ಚಳಿ. ಆಗುಂಬೆ ಘಾಟಿ ಹತ್ತಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮೊಂಬಾಸಾ ನಿನಗೆ ಹೊಸದು ಅನ್ನಿಸುವುದಿಲ್ಲ. ಅದೇ ಸೆಕೆ, ಅದೇ ಉಪ್ಪು ಗಾಳಿ, ದಾರಿ ಬದಿಯಲ್ಲಿ ಬೊಂಡ ಕೆತ್ತಿ ಕೊಡುವವರು. ಪೋರ್ಚುಗೀಸರು 1593ರಲ್ಲಿ ಕಟ್ಟಲು ತೊಡಗಿದ ಫೋರ್ಟ್ ಜೀಸಸ್ ನೋಡಿ, ಹಿಂದಿನ ಹಳೇ ಪೇಟೆಯ ಗಲ್ಲಿಗಳಲ್ಲಿ ಸುಮ್ನೆ ಸುತ್ತು. ನಮ್ಮ ಮಂಗಳೂರು ಹೆಂಚು ಒಂದು ಕಾಲದಲ್ಲಿ ಪೂರ್ವ ಆಫ್ರಿಕಕ್ಕೂ ಹಡಗು ಹತ್ತಿತ್ತು, ಹಾಗಾಗಿ ತಲೆ ಎತ್ತಿ ಮಾಡುಗಳನ್ನೂ ನೋಡು. ಇನ್ನೊಂದು ವಿಷಯ. ನಮ್ಮ ಮುಂಗಾರಿನ ಗಾಳಿ ಆ ಕರಾವಳಿಯನ್ನು ದಾಟಿಯೇ ನಮ್ಮ ಕಡೆ ತಿರುಗುವುದು. ಇಲ್ಲಿ ಆಟಿ ತಿಂಗಳ ಮಳೆ ಸುರಿಯುವಾಗ ಅಲ್ಲಿ ಒಳನಾಡು ಹೆಚ್ಚಿನ ಕಡೆ ಒಣಗಿರುತ್ತದೆ. ಹುಲ್ಲು ಕುಗ್ಗಿ, ಪ್ರಾಣಿಗಳು ನೀರು ಹುಡುಕಿಕೊಂಡು ಬರುವ ಕಾಲ. ನೀನು ಆಗಸ್ಟ್ ಆರಿಸಿದ್ದು ಒಳ್ಳೆಯದೇ ಆಯಿತು.

ಅಲ್ಲಿಂದ ರೈಲು ಹಿಡಿ. 2017ರಿಂದ ನೈರೋಬಿಗೆ ಹೊಸ ರೈಲಿದೆ. ನಡುವೆ ನಿಲ್ಲುವ ರೈಲನ್ನೇ ಕೇಳಿ, ವೋಯಿಯಲ್ಲಿ ಇಳಿ, ಸಾವೋ ಅಭಯಾರಣ್ಯಕ್ಕೆ ಬಾಗಿಲು ಆ ಊರು. ಹಳೇ ರೈಲುಮಾರ್ಗ 1896ರಲ್ಲಿ ಮೊಂಬಾಸಾದಿಂದ ಹೊರಟು 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿತು. ಅದಕ್ಕೆ ನಮ್ಮ ದೇಶದಿಂದ 30,000ಕ್ಕೂ ಜಾಸ್ತಿ ಕೂಲಿಗಳು ಹೋಗಿದ್ದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಅಲ್ಲೇ ತೀರಿಕೊಂಡರು. 1898ರಲ್ಲಿ ಎರಡು ಸಿಂಹಗಳು ತಿಂಗಳುಗಟ್ಟಲೆ ಕೂಲಿಗಳನ್ನು ಎಳೆದೊಯ್ದದ್ದು ಸಾವೋ ನದಿಯ ಸೇತುವೆ ಕೆಲಸದ ಹೊತ್ತಿಗೆ. ಆ ಸಿಂಹಗಳಿಗೆ ಕೇಸರವೇ ಇರಲಿಲ್ಲ. ಸಾವೋದಲ್ಲಿ ಈಗಲೂ ಅಂಥವು ಇವೆ.

ಸಾವೋ ಕಾಡು ದಟ್ಟ, ಪ್ರಾಣಿಗಳು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೇ ಎಷ್ಟೋ ಜನ ಬಿಟ್ಟು ಹೋಗುತ್ತಾರೆ. ನೀನು ಬಿಡಬೇಡ. ಕೆಂಪು ಧೂಳಿನಲ್ಲಿ ಹೊರಳಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಆನೆಗಳು ಅಲ್ಲಿವೆ. ಪಶ್ಚಿಮ ಸಾವೋದಲ್ಲಿ ಮ್ಜೀಮಾ ಎಂಬ ಊಟೆ ಇದೆ. ಚ್ಯೂಲು ಬೆಟ್ಟದ ಮೇಲೆ ಬಿದ್ದ ಮಳೆ ಜ್ವಾಲಾಮುಖಿಯ ಕಲ್ಲಿನೊಳಗೆ ಇಳಿದು, ಸೋಸಿ, ಇಲ್ಲಿ ತಿಳಿಯಾಗಿ ಹೊರಗೆ ಬರುತ್ತದೆ. ಮೊಂಬಾಸಾಕ್ಕೆ ಕುಡಿಯುವ ನೀರು ಹೋಗುವುದೂ ಇಲ್ಲಿಂದಲೇ. ದಡದಲ್ಲಿ ಮಾತಾಡದೆ ಕೂತುಕೋ. ನೀರ ಮೇಲೆ ಎರಡು ಕಿವಿ, ಎರಡು ಕಣ್ಣು, ಅಷ್ಟೇ. ಕಿವಿ ಒಮ್ಮೆ ಪಟಪಟ ಅಂತ ನೀರು ಕೊಡವುತ್ತದೆ. ಆಗ ಗೊತ್ತಾಗುತ್ತದೆ ಅದು ಹಿಪ್ಪೊ ಅಂತ.

ಮುಂದೆ ಅಂಬೊಸೇಲಿ ಅಭಯಾರಣ್ಯ. ಬೆಳಕು ಹರಿಯುವ ಮೊದಲೇ ಏಳು. 5,895 ಮೀಟರಿನ ಕಿಲಿಮಂಜಾರೊ ಹೊತ್ತೇರಿದರೆ ಹೆಚ್ಚಾಗಿ ಮೋಡದೊಳಗೆ ಹೋಗುತ್ತದೆ. ಬೆಟ್ಟ ಇರುವುದು ತಾಂಜಾನಿಯಾದಲ್ಲಿ, ಚಂದ ಕಾಣುವುದು ಕೀನ್ಯಾದಿಂದ! ಬೆಟ್ಟದ ನೀರು ನೆಲದೊಳಗೆ ಹರಿದು ಬಂದು ಇಲ್ಲಿ ಜೌಗಾಗಿ ನಿಲ್ಲುತ್ತದೆ. ಆನೆಗಳು ಹೊಟ್ಟೆ ಮುಳುಗುವಷ್ಟು ಇಳಿದು ಹುಲ್ಲು ಕೀಳುತ್ತಿರುತ್ತವೆ. ಮೇಲೆ ಬಂದಾಗ ಕೆಳಗರ್ಧ ಕಪ್ಪು, ಮೇಲರ್ಧ ಬೂದಿ. ಸುತ್ತ ನಮ್ಮ ಗದ್ದೆಯಲ್ಲಿರುವಂಥದೇ ಬೆಳ್ಳಕ್ಕಿಗಳು. ಇಲ್ಲಿ ಟಿಲ್ಲರ್ ಹಿಂದೆ ಓಡುವವು ಅಲ್ಲಿ ಆನೆಯ ಹಿಂದೆ.

ಪಟ್ಟಿಯಿಂದ ನಕೂರು ಕೆರೆ ಹೊಡೆದು ಹಾಕಿದ್ದೇನೆ. ನೀನು ಹಳೇ ಫೋಟೊದಲ್ಲಿ ನೋಡಿದ ಫ್ಲೆಮಿಂಗೊ ರಾಶಿ ಈಗ ಅಲ್ಲಿ ಹಾಗಿಲ್ಲ. ಕೆರೆಯ ನೀರು ಏರಿದ ಮೇಲೆ ತುಂಬ ಹಕ್ಕಿ ಬೊಗೋರಿಯಾ ಕೆರೆಯ ಕಡೆ ಹೋದವು. ಸಾಂಬುರು ಹೊಡೆಯುವಾಗ ಮಾತ್ರ ನನಗೂ ಹೊಟ್ಟೆ ಉರಿಯಿತು. ಹಿಂಗಾಲಲ್ಲಿ ನಿಂತು ಎಲೆ ತಿನ್ನುವ ಗೆರೆನುಕ್ ಎಂಬ ಹುಲ್ಲೆ ಇರುವ ಜಾಗ ಅದು. ಆದರೆ ದಾರಿ ದೂರ. ಇನ್ನೊಮ್ಮೆ ಹೋಗು.

ಕೊನೆಗೆ ಮಾರಾ. ಅಲ್ಲಿ ಮೂರು ರಾತ್ರಿಯಾದರೂ ಇರು. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ನದಿ ದಾಟುವುದನ್ನು ಯಾರೂ ಟೈಮ್ ಹೇಳಿ ತೋರಿಸಲಾರರು. ದಡದಲ್ಲಿ ಸಾವಿರಗಟ್ಟಲೆ ಸೇರಿ, ಗಂಟೆಗಟ್ಟಲೆ ನಿಂತು, ಕಡೆಗೆ ವಾಪಸ್ ಹೋಗುವುದೂ ಉಂಟು. ಆಗ ಡ್ರೈವರನ ಮೇಲೆ ಸಿಟ್ಟಾಗಬೇಡ. ಟಿಪ್ಸಿನ ಆಸೆ ತೋರಿಸಿ "ಇನ್ನೂ ಹತ್ತಿರ ಹೋಗಿ" ಅನ್ನಲೇಬೇಡ. ಚೀತಾ ಬೇಟೆಯಾಡುವುದು ಹೆಚ್ಚಾಗಿ ಹಗಲಲ್ಲೇ. ಸುತ್ತ ಜೀಪು ಮುತ್ತಿದರೆ ಅದಕ್ಕೆ ಅವತ್ತು ಉಪವಾಸ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಮಾರಾದ ಪಕ್ಕದ ಕನ್ಸರ್ವೆನ್ಸಿಯಲ್ಲಿ, ಅಂದರೆ ಪ್ರಾಣಿಗಳಿಗೆಂದು ಬಿಟ್ಟ ಖಾಸಗಿ ಜಾಗದಲ್ಲಿ, ಉಳಿ. ಅದು ಅಲ್ಲಿನ ದನ ಸಾಕುವ ಮಸಾಯಿ ಜನರ ಸ್ವಂತ ಜಾಗ, ಬಾಡಿಗೆ ಅವರ ಕೈ ಸೇರುತ್ತದೆ. ಜೀಪಿನ ಸಂತೆಯೂ ಕಡಿಮೆ.

ಊಟದ ಚಿಂತೆ ಬೇಡ. ಚಪಾತಿ, ಬೀನ್ಸ್, ಸೊಪ್ಪಿನ ಪಲ್ಯ ಎಲ್ಲ ಕಡೆ ಸಿಗುತ್ತದೆ, ಚಹಾ ನಮ್ಮದಕ್ಕಿಂತ ಗಟ್ಟಿ. ನಿನ್ನ ದೊಡ್ಡಮ್ಮ ಚಕ್ಕುಲಿ ಕಟ್ಟಿ ಕೊಡುತ್ತಾಳೆ, ಡಬ್ಬಿಯಲ್ಲೇ ಇಸಿದುಕೋ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ತೊಟ್ಟೆಗೆ ನಿಷೇಧ, ಕಾನೂನು ಬಿಗಿ. ಸ್ಟೀಲ್ ಬಾಟಲಿ ಇರಲಿ. ದಪ್ಪ ಸ್ವೆಟರ್ ಬೇಕೇ ಬೇಕು, ಆಫ್ರಿಕ ಅಂದರೆ ಸೆಕೆ ಅಂದುಕೊಂಡು ಬೆಳಗ್ಗೆ ತೆರೆದ ಜೀಪಿನಲ್ಲಿ ನಡುಗುವವರನ್ನು ಕಂಡಿದ್ದೇನೆ.

ಹಳದಿ ಜ್ವರದ ಇಂಜೆಕ್ಷನ್ ಮರೆಯಬೇಡ. ಹೊರಡುವ ದಿನಕ್ಕೆ ಹತ್ತು ದಿನ ಮೊದಲೇ ಆಗಿರಬೇಕು, ಮತ್ತು ಅದು ಎಲ್ಲ ಆಸ್ಪತ್ರೆಯಲ್ಲಿ ಕೊಡುವುದಿಲ್ಲ. ಇಂಜೆಕ್ಷನ್ ಆದದ್ದಕ್ಕೆ ಕೊಡುವ ಹಳದಿ ಕಾರ್ಡ್ ಪಾಸ್‌ಪೋರ್ಟಿನ ಜೊತೆಗೇ ಇರಲಿ. ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮವರೇ ನಿನ್ನನ್ನು ಆರು ದಿನದವರೆಗೆ ಕೂರಿಸಿಬಿಡಬಹುದು. ಟಿಕೆಟ್ ಮಾಡುವ ಮೊದಲು ಈ ಕೆಲಸ ಮುಗಿಸಿ ನನಗೊಂದು ಮೆಸೇಜ್ ಹಾಕು.

ನಿನ್ನ ದೊಡ್ಡಪ್ಪ