ಸೊಪ್ಪು ಹೆಚ್ಚುತ್ತಿದ್ದ ಆ ತಾಯಿಗೆ

2011ರ ಆಗಸ್ಟ್. ನಾನಾಗ ನೈರೋಬಿಯಲ್ಲಿದ್ದೆ. ಎರಡು ಸಲ ಮಳೆ ಕೈಕೊಟ್ಟು ಉತ್ತರದ ತುರ್ಕಾನಾ ಕಡೆ ಜನ ಹಸಿದಿದ್ದರು, ದನ, ಆಡು ಸಾಯುತ್ತಿದ್ದವು. ಪಕ್ಕದ ಸೊಮಾಲಿಯಾದಲ್ಲಂತೂ ಜುಲೈ 20ರಂದೇ ವಿಶ್ವಸಂಸ್ಥೆ ಕ್ಷಾಮ ಘೋಷಿಸಿತ್ತು. ಅಲ್ಲಿ ಸುಮಾರು 2,60,000 ಜನ ಸತ್ತರೆಂದು ಆಮೇಲೆ ಅಂದಾಜಾಯಿತು, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು.

ಕೆನ್ಯಾದ ಜನ ಸುಮ್ನೆ ಕೂರಲಿಲ್ಲ. ‘ಕೆನ್ಯನ್ಸ್ ಫಾರ್ ಕೆನ್ಯಾ’ ನಿಧಿಗೆ ಎಂ-ಪೆಸಾದಲ್ಲಿ ಮೊಬೈಲಿನಿಂದಲೇ ದುಡ್ಡು ಕಳಿಸುತ್ತಿದ್ದರು. ನಾವು ನಾಲ್ಕು ಜನ ಗೆಳೆಯರೂ ಸಂತೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತೆವು. ನಮ್ಮ ಹರಕು ಸ್ವಾಹಿಲಿ ಕೇಳಿ ಯಾರೂ ನಿಲ್ಲುತ್ತಿರಲಿಲ್ಲ.

ನೀವು ಎದುರಿಗೇ ಗೋಣಿ ಹಾಸಿ ಕೂತಿದ್ದಿರಿ. ಸುಕುಮಾ ವಿಕಿ ಸೊಪ್ಪನ್ನು ಸುರುಳಿ ಸುತ್ತಿ, ನೂಲಿನ ಹಾಗೆ ಸಣ್ಣಗೆ ಹೆಚ್ಚುತ್ತಿದ್ದಿರಿ. ‘ವಾರ ತಳ್ಳು’ ಅಂತ ಆ ಹೆಸರಿನ ಅರ್ಥ. ಕೈಯಲ್ಲಿ ಕಾಸಿಲ್ಲದಾಗ ವಾರ ದಾಟಿಸುವ ಸೊಪ್ಪು. ಅದನ್ನು ಮಾರಿ ಬದುಕುವ ನೀವು ಎದ್ದು ಬಂದಿರಿ. ಮೈಗೆ ಸುತ್ತಿದ್ದ ಕಾಂಗಾ ಬಟ್ಟೆಯ ತುದಿಯ ಗಂಟು ಬಿಚ್ಚಿದಿರಿ. ಮೆತ್ತಗಾಗಿದ್ದ ಐವತ್ತು ಶಿಲ್ಲಿಂಗ್ ನೋಟು ಡಬ್ಬಿಗೆ ಹಾಕಿದಿರಿ. ಬೆರಳಿಗೆಲ್ಲ ಸೊಪ್ಪಿನ ಹಸಿರು.

ಅಷ್ಟಕ್ಕೇ ಬಿಡಲಿಲ್ಲ. ಡಬ್ಬಿ ಇಸಿದುಕೊಂಡು ನಿಮ್ಮ ಸೊಪ್ಪಿನ ರಾಶಿ ಪಕ್ಕ ಇಟ್ಟುಕೊಂಡಿರಿ. ಗಿರಾಕಿಗಳಿಗೆ ಮೊದಲು ಡಬ್ಬಿ ತೋರಿಸಿ, ಆಮೇಲೆ ಸೊಪ್ಪು ಕೊಟ್ಟಿರಿ. ಮೂರು ಸಂಜೆ ಹೀಗೇ. ನಮ್ಮ ಡಬ್ಬಿ ತುಂಬಿದ್ದು ನಿಮ್ಮಿಂದ.

ಹೆಸರು ಕೇಳಲೇ ಇಲ್ಲ ನೋಡಿ, ಎಲ್ಲರ ಹಾಗೆ ‘ಮಾಮಾ’ ಅಂತಲೇ ಕರೆದೆ. ಅಲ್ಲಿ ಹಾಗೆಂದರೆ ಅಮ್ಮ. ಅಸಾಂತೆ ಸಾನಾ, ಮಾಮಾ. ತುಂಬಾ ತುಂಬಾ ಧನ್ಯವಾದ.