ಶಾಸನದ ಪಕ್ಕದಲ್ಲಿ ಅದರ ಅರ್ಥವನ್ನೂ ಬರೆಸಿ

ಮಾನ್ಯ ಸಂಪಾದಕರೆ,

ನಾನು ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ ಮೂವತ್ತೆಂಟು ವರ್ಷ ದುಡಿದವನು. ಮೊದಲ ಇಪ್ಪತ್ತು ವರ್ಷ ಅಚ್ಚಿನ ಅಕ್ಷರದ ಮೊಳೆ ಜೋಡಿಸಿದೆ, ಆಮೇಲೆ ಕಂಪ್ಯೂಟರ್ ಕಲಿತೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ನಾಟಕದ ಪೋಸ್ಟರು, ಪಾವತಿ ಪುಸ್ತಕ ಎಲ್ಲ ಈ ಕೈಯಲ್ಲಿ ಹಾದುಹೋಗಿವೆ. ಮಗಳು ಮಿಲಾನ್‌ನಲ್ಲಿ ನೌಕರಿ ಮಾಡುತ್ತಾಳೆ. ಹೋದ ವರ್ಷ ದಸರೆ ಮುಗಿದ ಮೇಲೆ ನನ್ನನ್ನೂ ಅವರವ್ವನನ್ನೂ ಕರೆಸಿಕೊಂಡು ಹದಿನೆಂಟು ದಿನ ಇಟಲಿ ತೋರಿಸಿದಳು. ಊರಿಗೆ ಬಂದ ಮೇಲೆ ಒಂದು ಭಾನುವಾರ ಮೊಮ್ಮಗಳ ಜೊತೆ ಲಕ್ಕುಂಡಿಯ ಹಳೆಯ ಗುಡಿಗಳನ್ನು ನೋಡಲು ಹೋದೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅದಕ್ಕೇ ಈ ಪತ್ರ.

ರೋಮಿನಲ್ಲಿ ಪ್ಯಾಂಥಿಯನ್ ಎಂಬ ಹಳೆಯ ದೇವಾಲಯವಿದೆ. ಎಲ್ಲರೂ ಅದರ ಗುಮ್ಮಟ ನೋಡಲು ಒಳಗೆ ನುಗ್ಗುತ್ತಾರೆ, ನನ್ನ ಕಣ್ಣು ಹೊರಗಿನ ಅಕ್ಷರಗಳಲ್ಲೇ ಸಿಕ್ಕಿಕೊಂಡಿತು. ಕಂಬಗಳ ಮೇಲೆ ಉದ್ದಕ್ಕೆ ದೊಡ್ಡ ಅಕ್ಷರಗಳ ಒಂದು ಸಾಲು. ಪದ ಪದಗಳ ನಡುವೆ ಜಾಗ ಬಿಡುವ ಬದಲು ಒಂದೊಂದು ಚುಕ್ಕೆ. 'ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ ಮೂರನೆಯ ಸಲ ಕಾನ್ಸಲ್ ಆಗಿದ್ದಾಗ ಇದನ್ನು ಕಟ್ಟಿಸಿದ' ಎಂದು ಅದರ ಅರ್ಥ. ಕಾನ್ಸಲ್ ಎಂದರೆ ರೋಮಿನ ದೊಡ್ಡ ಅಧಿಕಾರಿ. ಅಗ್ರಿಪ್ಪ ಕಟ್ಟಿಸಿದ್ದು ಈಗ ಉಳಿದಿಲ್ಲ. ಸುಮಾರು ನೂರೈವತ್ತು ವರ್ಷದ ನಂತರ ಹೇಡ್ರಿಯನ್ ಚಕ್ರವರ್ತಿ ಹೊಸದಾಗಿ ಕಟ್ಟಿಸಿ, ತನ್ನ ಹೆಸರು ಹಾಕಿಸದೆ ಹಳಬನ ಹೆಸರನ್ನೇ ಬರೆಸಿದ. ಇದನ್ನು ಮಗಳು ಓದಿ ಹೇಳಿದಾಗ ನನ್ನ ಹೆಂಡತಿ ಅಲ್ಲೇ ನಿಂತು ಆ ಸಾಲಿಗೆ ಕೈ ಮುಗಿದಳು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಟ್ರೇಜನ್ ಚಕ್ರವರ್ತಿಯ ಸ್ತಂಭ. 113ನೇ ಇಸವಿಯದು. ಅದರ ಪೀಠದ ಮೇಲೆ ಆರು ಸಾಲಿನ ಶಾಸನವಿದೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ವಿನ್ಯಾಸ ಮಾಡುವವರು ಇಂದಿಗೂ ಅದನ್ನೇ ಮಾದರಿಯಾಗಿ ನೋಡುತ್ತಾರೆ. ನಾನು ಕೆಳಗೆ ನಿಂತು ನೋಡಿದಾಗ ಎಲ್ಲ ಸಾಲೂ ಒಂದೇ ಅಳತೆ ಅನ್ನಿಸಿತು. ಆದರೆ ಮೇಲಿನ ಸಾಲಿನ ಅಕ್ಷರ ದೊಡ್ಡವು, ಕೆಳಗಿಳಿದಂತೆ ಸಣ್ಣವು. ಕೆಳಗೆ ನಿಂತು ಓದುವವನ ಕಣ್ಣಿಗೆ ಸಮ ಕಾಣಲಿ ಎಂದು ಕೆತ್ತಿದವನು ಲೆಕ್ಕ ಹಾಕಿದ್ದಾನೆ ಎನ್ನುತ್ತಾರೆ. ಓದುವವನ ಬಗ್ಗೆ ಇಷ್ಟು ಕಾಳಜಿ ಮಾಡಿದ ಆ ಕೈ ನನಗೆ ನಮ್ಮ ಕಸುಬಿನವರದೇ ಕೈ ಅನ್ನಿಸಿತು.

ಪಾಂಪೆಯ ವಿಷಯ ಹೇಳದೆ ಮುಂದೆ ಹೋಗಲಾರೆ. 79ನೇ ಇಸವಿಯಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಹೂತುಹೋದ ಊರು ಅದು. ಬೀದಿಯ ಕಲ್ಲಿನಲ್ಲಿ ಗಾಡಿಯ ಗಾಲಿ ತೇದ ಗೀರು ಇವೆ, ರೊಟ್ಟಿ ಅಂಗಡಿಯಲ್ಲಿ ಬೀಸುವ ಕಲ್ಲುಗಳಿವೆ. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನಾನು ನೋಡಿದ್ದು ಗೋಡೆ. ಕೆಂಪು ಬಣ್ಣದಲ್ಲಿ, ಕುಂಚದಿಂದ ಎಳೆದ ಉದ್ದನೆಯ ಅಕ್ಷರಗಳಲ್ಲಿ ಚುನಾವಣೆಯ ಪ್ರಚಾರ! ಇಂಥವರನ್ನು ಆರಿಸಿ, ಇವರು ಯೋಗ್ಯರು, ಹಣ್ಣಿನ ವ್ಯಾಪಾರಿಗಳೆಲ್ಲ ಇವರ ಕಡೆ, ಹೀಗೆ. ಇಂಥ ಎಷ್ಟು ಹ್ಯಾಂಡ್‌ಬಿಲ್ಲುಗಳಿಗೆ ನಾನು ರಾತ್ರಿಯೆಲ್ಲ ಮೊಳೆ ಜೋಡಿಸಿದ್ದೇನೋ! ಎರಡು ಸಾವಿರ ವರ್ಷ ಹಿಂದಿನ ಆ ಬರಹಗಳಲ್ಲಿ ಕೆಲವಕ್ಕೆ ಗಾಜು ಹಾಕಿ ಕಾಪಾಡಿದ್ದಾರೆ. ವಿದ್ವಾಂಸರು ಓದಿ ಬಿಡಿಸಿಟ್ಟಿದ್ದರಿಂದಲೇ ಬೆಟಗೇರಿಯಿಂದ ಹೋದ ನನಗೂ ಅವು ತಿಳಿದವು.

ಇನ್ನು ಲಕ್ಕುಂಡಿ. ಮೊಮ್ಮಗಳು ಏಳನೇ ಇಯತ್ತೆ. ಗುಡಿಯ ಅಂಗಳದಲ್ಲಿ ಒಂದು ಶಾಸನದ ಕಲ್ಲಿನ ಮುಂದೆ ನಿಂತಳು. ಮೇಲ್ಗಡೆ ಸೂರ್ಯ, ಚಂದ್ರ, ಹಾಲೂಡುವ ಆಕಳು. ಅದರ ಕೆಳಗೆ ಗುಂಡಗಿನ ಅಕ್ಷರಗಳು, ಒಂದೇ ಅಳತೆಯ ಮೊಳೆ ಕೂಡಿಸಿದಂತೆ ಸಾಲು ತಪ್ಪದೆ ಕೂತಿವೆ. "ಅಜ್ಜಾ, ಇದು ಕನ್ನಡ ಏನು? ಏನ್ ಬರದಾರ ಇದರಾಗ?" ಎಂದು ಕೇಳಿದಳು. ಜೀವನವಿಡೀ ಕನ್ನಡ ಅಕ್ಷರ ಕೂಡಿಸಿದ ನಾನು ಬಗ್ಗಿ ನೋಡಿದೆ. 'ಸ್ವಸ್ತಿ' ಎಂಬುದೊಂದು ಸಿಕ್ಕಿತು, ಮುಂದಕ್ಕೆ ಬರಲಿಲ್ಲ. ಸುತ್ತ ಹುಡುಕಿದೆ. ಈ ಕಲ್ಲಿನಲ್ಲಿ ಏನಿದೆ ಎಂದು ತಿಳಿಸುವ ಒಂದು ಸಾಲೂ ಹತ್ತಿರದಲ್ಲಿ ಕಾಣಲಿಲ್ಲ. ಲ್ಯಾಟಿನ್ ಅರ್ಥ ತಿಳಿದು ಬಂದವನು ನನ್ನ ಊರಿನಿಂದ ಹನ್ನೆರಡು ಕಿಲೋಮೀಟರಿನಲ್ಲಿ ಕನ್ನಡದ ಎದುರು ಬಾಯಿ ಮುಚ್ಚಿ ನಿಂತೆ.

ಇದು ಎಂಥ ಊರು ನೋಡಿ. ಇಲ್ಲಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದಳು. ರನ್ನನಿಂದ ಅಜಿತಪುರಾಣ ಬರೆಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಇವಳೇ. ಸಾವಿರ ಪ್ರತಿ ಎಂದರೆ ನಮ್ಮ ಪ್ರೆಸ್ಸುಗಳಲ್ಲಿ ಈಗಲೂ ಒಂದು ಪುಸ್ತಕಕ್ಕೆ ಹಾಕುವ ಲೆಕ್ಕ. ಅಚ್ಚಿನ ಯಂತ್ರ ಹುಟ್ಟುವ ನಾಲ್ಕುನೂರು ವರ್ಷಕ್ಕೂ ಮೊದಲು ಒಬ್ಬ ಹೆಣ್ಣುಮಗಳು ಅಷ್ಟನ್ನೂ ಕೈಯಿಂದ ಬರೆಸಿದ್ದಾಳೆ. ವೆನಿಸ್‌ನಲ್ಲಿ 1501ರಲ್ಲಿ ಓರೆ ಅಕ್ಷರದ ಪುಸ್ತಕ ಅಚ್ಚು ಹಾಕಿದ ಆಲ್ಡಸ್ ಮನೂಶಿಯಸ್‌ನ ಮನೆಯ ಗೋಡೆಗೆ ಫಲಕ ಹಾಕಿ ನೆನೆಯುತ್ತಾರೆ. ಮುದ್ರಣಕ್ಕೆ ಹೆಸರಾದ ನಮ್ಮ ಗದಗಿನ ಮಕ್ಕಳಿಗೆ ಅತ್ತಿಮಬ್ಬೆಯ ಈ ಕೆಲಸ ಲಕ್ಕುಂಡಿಯಲ್ಲೇ ನಿಂತು ಓದಲು ಸಿಗಬೇಡವೆ?

ಓದಲು ಬಾರದ ಕಲ್ಲಿಗೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗುಡಿಗೆ ಬಣ್ಣ ಹಚ್ಚುವಾಗ ಶಾಸನಕ್ಕೂ ಎಣ್ಣೆಪೇಂಟ್ ಬಳಿದಿದ್ದರು. ಅಕ್ಷರದ ಕುಳಿಗಳೆಲ್ಲ ತುಂಬಿಹೋಗಿದ್ದವು. ಭಕ್ತಿಯಿಂದ ಮಾಡಿದ್ದೇ. ಆ ಕಲ್ಲಿನಲ್ಲಿ ತಮ್ಮೂರಿನ ಕೆರೆ, ಹೊಲ, ದತ್ತಿಯ ಮಾತು ಇರಬಹುದೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈ ಭಾಗದ ನೂರಾರು ಶಾಸನಗಳನ್ನು ವಿದ್ವಾಂಸರು ಎಂದೋ ಓದಿ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ತಿಳಿದವರಿದ್ದಾರೆ. ಅದನ್ನು ಕಪಾಟಿನಿಂದ ಕಲ್ಲಿನ ಹತ್ತಿರ ತರಬೇಕು, ಅಷ್ಟೇ. ಶಾಸನಕ್ಕೆ ತಾಗದಂತೆ ಎರಡು ಮಾರು ದೂರ ಒಂದು ಫಲಕ ನೆಡಲಿ. ಇಂದಿನ ಲಿಪಿಯಲ್ಲಿ ಶಾಸನದ ಪಾಠ, ಅದರ ಕೆಳಗೆ ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ಅರ್ಥ. ಬಿಳಿಯ ನೆಲಕ್ಕೆ ಕಪ್ಪು ಅಕ್ಷರ. ಅಕ್ಷರ ಸಣ್ಣದು ಬೇಡ, ವಯಸ್ಸಾದವರೂ ಓದಬೇಕು. ಲಕ್ಕುಂಡಿಯಿಂದ ಶುರು ಮಾಡಿ ಗದಗಿನ ತ್ರಿಕೂಟೇಶ್ವರ, ಡಂಬಳ, ಸೂಡಿ, ಲಕ್ಷ್ಮೇಶ್ವರಕ್ಕೆ ಮುಂದುವರಿಯಬಹುದು.

ಸಂಬಂಧಪಟ್ಟವರು ಪಾಠ ಮತ್ತು ಅರ್ಥ ಒದಗಿಸಿದರೆ ಮೊದಲ ಹತ್ತು ಫಲಕಗಳ ಅಕ್ಷರ ಜೋಡಣೆಯನ್ನೂ ಕರಡು ತಿದ್ದುವ ಕೆಲಸವನ್ನೂ ನಾನು ಪುಕ್ಕಟೆ ಮಾಡಿಕೊಡುತ್ತೇನೆ. ಮೊಮ್ಮಗಳಿಗೆ ಉತ್ತರ ಇನ್ನೂ ಕೊಟ್ಟಿಲ್ಲ.

— ಒಬ್ಬ ನಿವೃತ್ತ ಮುದ್ರಣ ಕೆಲಸಗಾರ, ಬೆಟಗೇರಿ, ಗದಗ