ರೋಲ್ ನಂಬರ್ ಕರೆದಾಗ ಜೊತೆಗೆ ನಿಂತವರಿಗೆ

ಎಂಬಿಬಿಎಸ್ ಮೊದಲ ವರ್ಷದ ಫಲಿತಾಂಶ ಬಂದಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಓದಿನ ಗುಂಪು ಪೂರ್ತಿ ಪಾಸಾಗಿದೆ. ಅಪ್ಪ ಅಮ್ಮನಿಗೆ, ಊರಿನ ಮೇಷ್ಟ್ರಿಗೆ ನಮಸ್ಕಾರ ಹೇಳಿಯಾಯಿತು. ಇನ್ನೊಂದು ಋಣ ಬಾಕಿ ಇದೆ. ನೂರೈವತ್ತು ಮಂದಿ ಕೂತ ಗ್ಯಾಲರಿಯಲ್ಲಿ ರೋಲ್ ನಂಬರ್ ಕೂಗಿ "ಎದ್ದು ನಿಂತು ಹೇಳಿ" ಅಂದಾಗ ನಮ್ಮ ಬಾಯಿ ಕಟ್ಟದಂತೆ ನೋಡಿಕೊಂಡವರ ಋಣ ಅದು. ಧೈರ್ಯ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಇವರು ಕೆಲಸದ ಕ್ರಮ ಹೇಳಿಕೊಟ್ಟರು. ವಂದನೆಯ ಜೊತೆಗೇ ಆ ಕ್ರಮವನ್ನೂ ಬರೆದಿಟ್ಟರೆ ಮುಂದಿನ ಬ್ಯಾಚಿನವರಿಗೂ ಆದೀತು ಅನ್ನಿಸಿತು.

ಮೊದಲು ಹಾಸ್ಟೆಲಿನ ಸೀನಿಯರ್ ಅಕ್ಕಂದಿರಿಗೆ. ಉತ್ತರ ತಲೆಯಲ್ಲಿದ್ದೂ ಹೊರಗೆ ಬರುವುದಿಲ್ಲ ಯಾಕೆ ಅನ್ನುವುದನ್ನು ಸರಿಯಾಗಿ ಹಿಡಿದವರು ಅವರು. ಕಣ್ಣು ಆ ಪದವನ್ನು ಹತ್ತು ಸಲ ಓದಿರುತ್ತದೆ, ನಾಲಿಗೆ ಒಂದು ಸಲವೂ ಆಡಿರುವುದಿಲ್ಲ. ತರಗತಿಯಲ್ಲಿ ಎದ್ದಾಗಲೇ ಅದು ಮೊದಲ ಬಾರಿಗೆ ಆಡಬೇಕು, ಅದೂ ಎಲ್ಲರೆದುರು. ಅದಕ್ಕೆ ಅವರು ಹೇಳಿಕೊಟ್ಟ ಮದ್ದು ಹಿಂದಿನ ರಾತ್ರಿಯ ಇಪ್ಪತ್ತು ನಿಮಿಷ. ಟೈಮ್‌ಟೇಬಲ್ ನೋಡಿ ನಾಳೆಯ ಪಾಠ ಯಾವುದೆಂದು ತಿಳಿದುಕೊಳ್ಳಿ. ಮೊದಲ ಏಳೆಂಟು ನಿಮಿಷ ತಲೆಬರಹಗಳು ಮತ್ತು ಚಿತ್ರಗಳು ಮಾತ್ರ, ಒಳಗಿನ ಪ್ಯಾರಾ ಬೇಡ. ಆಮೇಲೆ ಹೊಸ ಪದಗಳಲ್ಲಿ ಹತ್ತನ್ನು ಆರಿಸಿ, ಪ್ರತಿ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ತುಂಡು ತುಂಡಾಗಿ ಬರೆಯಿರಿ, ಕತ್ತಿನ ಒಂದು ಸ್ನಾಯುವಿನ ಹೆಸರಾದರೆ ಹೀಗೆ: ಸ್ಟರ್-ನೋ-ಕ್ಲೈ-ಡೋ-ಮ್ಯಾಸ್-ಟಾಯ್ಡ್. ಒತ್ತು ಬೀಳುವ ತುಂಡಿನ ಕೆಳಗೆ ಒಂದು ಗೆರೆ. ಮೂರು ಸಲ ಗಟ್ಟಿಯಾಗಿ, ಪಕ್ಕದ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಉಳಿದ ಸಮಯದಲ್ಲಿ ಪುಸ್ತಕ ಮುಚ್ಚಿ, ಎದ್ದು ನಿಂತು, ಪಾಠದ ವಿಷಯದ ವ್ಯಾಖ್ಯೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ಇದಿಷ್ಟನ್ನು ಕೂತು ಮನಸ್ಸಿನಲ್ಲೇ ಮಾಡಿದರೆ ಅರ್ಧ ಫಲವೂ ಇಲ್ಲ, ಯಾಕೆಂದರೆ ನಾಳೆ ಬೇಕಾಗಿರುವುದು ನಿಂತು ಆಡುವ ಮಾತು. ಪುಸ್ತಕ ಮುಚ್ಚಿ ನೆನಪಿನಿಂದ ಹೇಳುವುದು ಮತ್ತೆ ಮತ್ತೆ ಓದುವುದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ ಅನ್ನುವುದನ್ನು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದಾರೆ. ಒಂದು ವಾರ ಬಿಟ್ಟು ಕೇಳಿದಾಗ ಮರುಓದಿನವರಿಗಿಂತ ನೆನಪಿಸಿಕೊಂಡು ಹೇಳಿದವರೇ ಮುಂದಿದ್ದರು.

ಅನಾಟಮಿ ವಿಭಾಗದ ಟ್ಯೂಟರ್ ಸರ್‌ಗೆ, ಆ ನಾಲ್ಕು ಗೂಟಗಳಿಗಾಗಿ. ಎದ್ದು ನಿಂತಾಗ ತಲೆ ಖಾಲಿಯಾಗುವುದು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ. ಹಗ್ಗ ಕಟ್ಟಲು ಗೂಟ ಮೊದಲೇ ಹುಗಿದಿರಬೇಕು ಎಂದು ಅವರು ಪ್ರತಿ ಬಗೆಯ ಪ್ರಶ್ನೆಗೂ ನಾಲ್ಕು ಮಾತು ಬರೆಸಿದರು. ಸ್ನಾಯು ಕೇಳಿದರೆ ಒರಿಜಿನ್ (ಹುಟ್ಟುವ ಜಾಗ), ಇನ್ಸರ್ಷನ್ (ಹೋಗಿ ಸೇರುವ ಜಾಗ), ನರ್ವ್ ಸಪ್ಲೈ (ಯಾವ ನರ), ಆಕ್ಷನ್ (ಕೆಲಸ). ನರ ಕೇಳಿದರೆ ರೂಟ್ ವ್ಯಾಲ್ಯೂ (ಬೆನ್ನುಹುರಿಯ ಯಾವ ಮಟ್ಟಗಳಿಂದ ಬರುತ್ತದೆ), ಸಾಗುವ ದಾರಿ, ಕವಲುಗಳು, ಪೆಟ್ಟಾದರೆ ಏನು. ಉದಾಹರಣೆಗೆ ತೋಳಿನ ರೇಡಿಯಲ್ ನರ್ವ್: ಸಿ5ರಿಂದ ಟಿ1, ಪೋಸ್ಟೀರಿಯರ್ ಕಾರ್ಡಿನಿಂದ (ಕಂಕುಳಿನ ನರಜಾಲದ ಹಿಂಭಾಗದ ಕಟ್ಟು) ಹುಟ್ಟು, ಹ್ಯೂಮರಸ್ (ಮೇಲ್ದೋಳಿನ ಮೂಳೆ) ಹಿಂದಿನ ರೇಡಿಯಲ್ ಗ್ರೂವ್‌ನಲ್ಲಿ ಹಾದು ಹೋಗುತ್ತದೆ, ಅಲ್ಲಿ ಮೂಳೆ ಮುರಿದು ನರಕ್ಕೆ ಪೆಟ್ಟಾದರೆ ರಿಸ್ಟ್ ಡ್ರಾಪ್, ಅಂದರೆ ಮಣಿಕಟ್ಟು ಎತ್ತಲಾಗದೆ ಜೋತುಬೀಳುವುದು. ಕವಲುಗಳು ಮರೆತೇ ಹೋದರೂ ಉಳಿದ ಮೂರು ಹೇಳಿ ಗೌರವದಿಂದ ಕೂರಬಹುದು. ಇದೇ ಕ್ರಮವನ್ನು ಗುಂಪಿನವರು ಬಯೋಕೆಮಿಸ್ಟ್ರಿಗೂ ಒಯ್ದೆವು. ವಿಟಮಿನ್ ಅಂದರೆ ಎಲ್ಲಿ ಸಿಗುತ್ತದೆ, ದೇಹದಲ್ಲಿ ಅದರ ಕೆಲಸದ ರೂಪ, ಮಾಡುವ ಕೆಲಸ, ಕೊರತೆಯ ಕಾಯಿಲೆ. ಥಯಾಮಿನ್ (ವಿಟಮಿನ್ ಬಿ1) ಕೇಳಿದರೆ ಅದರ ಕೆಲಸದ ರೂಪ ಟಿಪಿಪಿ ಮತ್ತು ಕೊರತೆಯ ಕಾಯಿಲೆ ಬೆರಿಬೆರಿ ಎರಡೇ ನೆನಪಾದರೂ ಮಾತು ಶುರುವಾಗುತ್ತದೆ. ಶುರುವಾದ ಮೇಲೆ ಉಳಿದದ್ದು ಹಿಂದೆಯೇ ಬರುವುದು ಹೆಚ್ಚು. ಫಿಸಿಯಾಲಜಿಯಲ್ಲಿ ವ್ಯಾಖ್ಯೆ, ಸಾಮಾನ್ಯ ಅಳತೆ, ಹೇಗೆ ನಡೆಯುತ್ತದೆ, ಏನು ಕೆಡಬಹುದು. ಕಾರ್ಡಿಯಾಕ್ ಔಟ್‌ಪುಟ್ (ಹೃದಯ ಹೊರಹಾಕುವ ರಕ್ತ) ನಿಮಿಷಕ್ಕೆ ಸುಮಾರು 5 ಲೀಟರ್ ಎಂದು ಬಾಯಿಪಾಠ ಮಾಡುವ ಬದಲು, ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ ಎಂದು ಇಟ್ಟುಕೊಂಡರೆ ಅಂಕಿ ಮರೆತರೂ ನಿಂತಲ್ಲೇ ಗುಣಿಸಬಹುದು.

ಮೊದಲ ವಾಕ್ಯದ ತಯಾರಿಗೆ ಇಂಗ್ಲಿಷ್ ಮಾಧ್ಯಮದಿಂದ ಬಂದ ಗೆಳೆಯರ ಉಪಕಾರ ದೊಡ್ಡದು. ಉಚ್ಚಾರ ತಪ್ಪಿದಾಗ ನಗದೆ, ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ತಿದ್ದಿದವರು ಇವರು. ಪ್ರತಿ ಉತ್ತರಕ್ಕೂ ಹೊಂದುವ ಮೂರು ಆರಂಭಗಳನ್ನು ನಮಗೆ ರೂಢಿ ಮಾಡಿಸಿದರು. ಯೋಚಿಸಲು ಸಮಯ ಬೇಕಾದರೆ "ಸರ್, ಮೇ ಐ ಟೇಕ್ ಎ ಮೊಮೆಂಟ್". ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೆ ಪೂರ್ತಿ ಪ್ರಶ್ನೆಯನ್ನು ಮತ್ತೆ ಕೇಳಿಸಿಕೊಳ್ಳುವ ಬದಲು ಅರ್ಥವಾದಷ್ಟನ್ನು ಹೇಳಿ ಖಚಿತ ಮಾಡಿಕೊಳ್ಳುವುದು: "ಮೇಡಂ, ಆರ್ ಯು ಆಸ್ಕಿಂಗ್ ಅಬೌಟ್ ದ ನರ್ವ್ ಸಪ್ಲೈ". ಅರ್ಧ ಗೊತ್ತಿದ್ದರೆ "ಐ ಆಮ್ ಶೂರ್ ಅಬೌಟ್ ದ ಒರಿಜಿನ್, ನಾಟ್ ದ ಇನ್ಸರ್ಷನ್". ಮಾಡಬಾರದ್ದನ್ನೂ ಹೇಳಿದರು. "ಸಾರಿ ಸರ್" ಎಂದು ಬಾಯಿ ತೆರೆದರೆ ಕೇಳುವವರ ಕಿವಿಗೆ ಉತ್ತರ ಅಲ್ಲಿಗೇ ಮುಗಿದಂತೆ, ಅನೇಕ ಅಧ್ಯಾಪಕರು ಅಷ್ಟರಲ್ಲೇ ಮುಂದಿನ ನಂಬರಿಗೆ ಹೋಗಿಬಿಡುತ್ತಾರೆ. ಇಂಗ್ಲಿಷ್ ವಾಕ್ಯ ನಡುವೆ ಸಿಕ್ಕಿಕೊಂಡರೆ ವ್ಯಾಕರಣ ಬಿಟ್ಟು ಬರೀ ಪದಗಳನ್ನು ಕ್ರಮವಾಗಿ ಹೇಳಿ. "ಪೋಸ್ಟೀರಿಯರ್ ಕಾರ್ಡ್, ರೇಡಿಯಲ್ ಗ್ರೂವ್, ರಿಸ್ಟ್ ಡ್ರಾಪ್" ಎಂಬ ಮೂರು ಪದಕ್ಕೆ ಮೌಖಿಕ ಪರೀಕ್ಷೆಯಾದ ವೈವಾದಲ್ಲೂ ಅಂಕ ಬೀಳುತ್ತದೆ.

ಫಿಸಿಯಾಲಜಿ ಮೇಡಂ ಅವರಿಗೆ ಎಷ್ಟು ವಂದಿಸಿದರೂ ಕಡಿಮೆ. ಅವರು ಪ್ರಶ್ನೆ ಕೇಳುವುದನ್ನು ಎಂದೂ ಕಡಿಮೆ ಮಾಡಲಿಲ್ಲ, ಮಾಡಬಾರದು ಎಂದೇ ನಮ್ಮ ಗಟ್ಟಿ ಅಭಿಪ್ರಾಯ. 2019ರಲ್ಲಿ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬರೀ ಉಪನ್ಯಾಸದ ಪಾಲು ಮೂರನೇ ಒಂದು ಭಾಗ ಮೀರಬಾರದು ಎನ್ನುತ್ತದೆ. ಉಳಿದದ್ದೆಲ್ಲ ಮಾತುಕತೆ, ಪ್ರಾಯೋಗಿಕ, ಸಣ್ಣ ಗುಂಪು. ಮುಂದೆ ವಾರ್ಡಿನಲ್ಲಿ ರೋಗಿಯ ಹಾಸಿಗೆ ಪಕ್ಕದಲ್ಲೂ ಇದೇ ಪ್ರಶ್ನೆಗಳು. ಅಮೆರಿಕದ ಕಾಲೇಜುಗಳ ತರಗತಿಗಳನ್ನು ನೋಡಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಸರು ಹಿಡಿದು ಹೆಚ್ಚು ಕೇಳುವ ತರಗತಿಗಳಲ್ಲಿ ದಿನ ಕಳೆದಂತೆ ತಾವಾಗಿ ಕೈ ಎತ್ತುವವರೂ ಹೆಚ್ಚಾದರು. ಆದ್ದರಿಂದ ತೊಂದರೆ ಇರುವುದು ಪ್ರಶ್ನೆಯಲ್ಲಲ್ಲ, ಕೇಳುವ ಬಗೆಯಲ್ಲಿ. ಮೇಡಂ ಅವರ ಬಗೆ ಹೀಗೆ: ಮೊದಲು ಪ್ರಶ್ನೆ, ನಂತರ ಮೌನ, ಕೊನೆಗೆ ರೋಲ್ ನಂಬರ್. ನಂಬರನ್ನು ಮೊದಲೇ ಕೂಗಿದರೆ ಉಳಿದ 149 ಮಂದಿ ಅಲ್ಲಿಗೇ ಯೋಚಿಸುವುದನ್ನು ನಿಲ್ಲಿಸುತ್ತಾರೆ. ಎದ್ದು ನಿಂತವರಿಗೆ ಎದೆಬಡಿತದ ನಡುವೆ ಪ್ರಶ್ನೆಯೇ ಕೇಳಿಸುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಾಲಾ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು 1970ರ ದಶಕದಲ್ಲಿ ಬರೆದದ್ದು ಇಲ್ಲಿಗೆ ಸರಿಹೊಂದುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಕೊಡದವರು ಕಡಿಮೆಯಾದರು. ಎರಡನೇ ಭಾಷೆಯಲ್ಲಿ ಉತ್ತರ ಕಟ್ಟುವವರಿಗೆ ಆ ಹೆಚ್ಚಿನ ಎರಡು ಸೆಕೆಂಡು ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

"ಗೊತ್ತಿಲ್ಲ ಮೇಡಂ" ಅಂದವರನ್ನು ಅವರು ನಿಲ್ಲಿಸಿ ಇಡುವುದಿಲ್ಲ, ಬಿಟ್ಟೂ ಬಿಡುವುದಿಲ್ಲ. ಇನ್ನಿಬ್ಬರನ್ನು ಕೇಳಿ ಉತ್ತರ ಸಿಕ್ಕ ಮೇಲೆ ಮೊದಲಿನವರ ಬಳಿಗೇ ಬಂದು "ಈಗ ನೀವು ಒಮ್ಮೆ ಹೇಳಿ" ಅನ್ನುತ್ತಾರೆ. ಆ ವಿದ್ಯಾರ್ಥಿ ಸರಿಯಾದ ವಾಕ್ಯ ಆಡಿ ಕೂರುತ್ತಾನೆ. ಗಡುಸು ಪ್ರಶ್ನೆಯಾದರೆ ಪಕ್ಕದವರ ಜೊತೆ ಒಂದು ನಿಮಿಷ ಚರ್ಚಿಸಲು ಬಿಟ್ಟು ಆಮೇಲೆ ನಂಬರ್ ಕರೆಯುತ್ತಾರೆ. ಹೀಗೆ ಮಾಡಿದಾಗ ಹೇಳುವ ಉತ್ತರ ಇಬ್ಬರದು, ತಪ್ಪಾದರೆ ಭಾರವೂ ಇಬ್ಬರದು. ಇದನ್ನು ಓದುವ ಅಧ್ಯಾಪಕರಿದ್ದರೆ ಈ ಒಂದು ನಿಮಿಷವನ್ನಾದರೂ ದಯವಿಟ್ಟು ಅಳವಡಿಸಿಕೊಳ್ಳಿ. ಪಾಠದ ಹೊತ್ತು ಹಾಳಾಗುವುದಿಲ್ಲ.

ಪಕ್ಕದಲ್ಲಿ ಕೂತವರಿಗೆ. ರೋಲ್ ನಂಬರ್ ಸಾಲಾಗಿ ಬರುತ್ತಿರುವಾಗ ನಮಗಿಂತ ಮುಂಚಿನವರು ಹೇಳಿದ್ದು ನಮಗೆ ನೆನಪಿರುವುದಿಲ್ಲ. ಸಂಶೋಧಕ ಮಾಲ್ಕಂ ಬ್ರೆನ್ನರ್ 1973ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಒಬ್ಬೊಬ್ಬರಾಗಿ ಪದ ಓದುವ ಗುಂಪಿನಲ್ಲಿ, ತಮ್ಮ ಸರದಿಗೆ ಮುಂಚಿನ ಸುಮಾರು ಒಂಬತ್ತು ಸೆಕೆಂಡಿನಲ್ಲಿ ಕೇಳಿದ ಪದಗಳೇ ಜನರಿಗೆ ಹೆಚ್ಚು ಮರೆತು ಹೋಗಿದ್ದವು. ಹೇಳಿದ ಉತ್ತರವನ್ನೇ ಮತ್ತೆ ಹೇಳಿ ಬೈಸಿಕೊಳ್ಳುವುದು ಇದರಿಂದಲೇ, ಅಜಾಗ್ರತೆಯಿಂದ ಅಲ್ಲ. ಪರಿಹಾರ ಸುಲಭ. ಮುಂಚಿನ ಇಬ್ಬರ ಉತ್ತರವನ್ನು ಎರಡೆರಡು ಪದದಲ್ಲಿ ಗೀಚಿಕೊಳ್ಳಿ, ಎದ್ದಾಗ ಆ ಹಾಳೆ ಕೈಯಲ್ಲಿರಲಿ. ಕೂತ ಮೇಲೂ ಸ್ವಲ್ಪ ಹೊತ್ತು ಪಾಠ ತಲೆಗೆ ಹತ್ತುವುದಿಲ್ಲ, ಮನಸ್ಸು ಆಡಿದ ಮಾತನ್ನೇ ತಿರುವಿ ಹಾಕುತ್ತಿರುತ್ತದೆ. ಆ ಹೊತ್ತಿನ ನೋಟ್ಸ್ ಪಕ್ಕದವರು ಬರೆದುಕೊಡುವುದು ನಮ್ಮ ಬೆಂಚುಗಳ ಕರಾರಾಗಿತ್ತು. ಉತ್ತರವನ್ನು ಪಿಸುಗುಟ್ಟುವುದು ಮಾತ್ರ ಬೇಡ. ಎರಡು ಕಡೆಯಿಂದ ಎರಡು ಪಿಸುಮಾತು ಬಂದರೆ ಗೊತ್ತಿದ್ದದ್ದೂ ಕಲಸಿ ಹೋಗುತ್ತದೆ.

ದೇಹದ ವಿಷಯಕ್ಕೆ ಇಂಟರ್ನ್‌ಶಿಪ್ ಮಾಡುತ್ತಿದ್ದ ಅಣ್ಣನೊಬ್ಬರ ಪಾಠ ನೆನೆಯಲೇಬೇಕು. ಅಡ್ರಿನಲಿನ್ ಏರಿದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಬೆರಳು ನಡುಗುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ, ಆಗದು. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ, ನಂಬರ್ ಹತ್ತಿರ ಬರುತ್ತಿರುವಾಗ ನಾಲ್ಕೈದು ಸಲ. ಹೊರಬಿಡುವ ಉಸಿರು ಉದ್ದವಾದಾಗ ವೇಗಸ್ ನರದ ಮೂಲಕ ಬಡಿತ ಇಳಿಯುತ್ತದೆ. ಜೋರಾಗಿ, ಬೇಗ ಬೇಗ ಉಸಿರೆಳೆದರೆ ಉಲ್ಟಾ ತಲೆ ಸುತ್ತುತ್ತದೆ. ಎರಡು ಗುಟುಕು ನೀರು ಕುಡಿಯಿರಿ, ಎರಡೂ ಪಾದ ನೆಲಕ್ಕೆ ಊರಿ, ಮುಂದಿನ ಡೆಸ್ಕಿನ ಅಂಚು ಹಿಡಿದು ನಿಧಾನ ಏಳಿ. ನಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಅನ್ನಿಸುವುದು ಹೆಚ್ಚು ಪಾಲು ಭ್ರಮೆ. ಮನೋವಿಜ್ಞಾನಿಗಳಾದ ಸಾವಿಟ್ಸ್ಕಿ ಮತ್ತು ಗಿಲೊವಿಚ್ 2003ರಲ್ಲಿ ತೋರಿಸಿದಂತೆ, ಈ ಸಂಗತಿಯನ್ನು ಮೊದಲೇ ಕೇಳಿ ತಿಳಿದಿದ್ದವರು ಸಭೆಯಲ್ಲಿ ಇನ್ನೂ ಚೆನ್ನಾಗಿ ಮಾತಾಡಿದರು. ಇನ್ನು ಆ ಅಣ್ಣ ಕಟ್ಟುನಿಟ್ಟಾಗಿ ತಡೆದ ಒಂದು ವಿಷಯ: ನಡುಕಕ್ಕೆಂದು ಗೆಳೆಯರಿಂದ ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆ ಪಡೆದು ನುಂಗುವುದು. ಆಸ್ತಮಾ ಇರುವವರಿಗೆ ಅದು ಶ್ವಾಸನಾಳ ಬಿಗಿಸಿ ಪ್ರಾಣಕ್ಕೇ ಕುತ್ತು ತರಬಹುದು. ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ ಆ ಮಾತ್ರೆ.

ತೊದಲು ಇರುವ ಗೆಳೆಯರ ಪರವಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಥೆರಪಿಸ್ಟರಿಗೆ ಪ್ರತ್ಯೇಕ ವಂದನೆ. ಅವರು ಹೇಳಿಕೊಟ್ಟಂತೆ ವರ್ಷದ ಆರಂಭದಲ್ಲೇ ಪ್ರತಿ ವಿಭಾಗಕ್ಕೆ ನಾಲ್ಕು ಸಾಲಿನ ಪತ್ರ ಕೊಡುವುದು ತುಂಬ ಉಪಯೋಗಕ್ಕೆ ಬಂತು: ನನಗೆ ತೊದಲಿದೆ, ಉತ್ತರ ಹೇಳಲು ಇಷ್ಟವಿದೆ, ಪದ ಮುಗಿಸಲು ಸಮಯ ಕೊಡಿ, ನನ್ನ ಪದವನ್ನು ನೀವು ಮುಗಿಸಬೇಡಿ. ಪತ್ರ ಕೊಟ್ಟ ಮೇಲೆ ಪ್ರಶ್ನೆಯಿಂದ ವಿನಾಯಿತಿ ಸಿಕ್ಕಿತೆಂದಲ್ಲ, ಕಾಯುವ ತಾಳ್ಮೆ ಸಿಕ್ಕಿತು. ಕೇಳಿದ್ದೂ ಅಷ್ಟನ್ನೇ.

ಓದಿನ ಮಾಧ್ಯಮ, ಜಾತಿ, ಸೀಟು ಸಿಕ್ಕ ಕೋಟಾ ಹಿಡಿದು ಒಬ್ಬರನ್ನೇ ಮತ್ತೆ ಮತ್ತೆ ಎಬ್ಬಿಸಿ ಹಂಗಿಸಿದರೆ ಅದು ಪಾಠವಲ್ಲ, ಉಸಿರಾಟದ ಅಭ್ಯಾಸ ಅದಕ್ಕೆ ಮದ್ದೂ ಅಲ್ಲ. ದಿನಾಂಕ, ವೇಳೆ, ಆಡಿದ ಮಾತು ಇದ್ದ ಹಾಗೆಯೇ, ಕೇಳಿಸಿಕೊಂಡ ಇಬ್ಬರ ಹೆಸರು, ಇಷ್ಟನ್ನು ಅಂದೇ ಬರೆದಿಡಿ. ಮೊದಲು ಮೆಂಟರ್, ಆಮೇಲೆ ವಿಭಾಗದ ಮುಖ್ಯಸ್ಥರು, ಅಲ್ಲಿಗೂ ಸರಿಹೋಗದಿದ್ದರೆ ಕಾಲೇಜಿನ ಎಸ್‌ಸಿ ಎಸ್‌ಟಿ ಘಟಕ ಅಥವಾ ಕುಂದುಕೊರತೆ ಸಮಿತಿ. ಒಬ್ಬರೇ ಹೋಗಬೇಡಿ. ತರಗತಿಯ ಭಯಕ್ಕೆ ನಿದ್ದೆ ಹೋಗಿ, ಊಟ ಬಿಟ್ಟು, ಕ್ಲಾಸಿಗೇ ಹೋಗಲಾಗದ ಸ್ಥಿತಿ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ. ತಪ್ಪಿಸಿಕೊಂಡು ತಿರುಗಿದರೆ ಹಾಜರಾತಿ ಥಿಯರಿಯಲ್ಲಿ 75, ಪ್ರಾಕ್ಟಿಕಲ್‌ನಲ್ಲಿ 80 ಶೇಕಡಾಕ್ಕಿಂತ ಇಳಿದು ಪರೀಕ್ಷೆಗೇ ಕೂರಲಾಗದೆ ಹೋಗಬಹುದು. ಅದಕ್ಕೂ ಮುಂಚೆ ಯಾರಿಗಾದರೂ ಹೇಳಿ.

ಲೈಬ್ರರಿಯ ಅಟೆಂಡರ್ ಅಣ್ಣನಿಗೂ ವಂದನೆಗಳು. ಸಂಜೆ ಓದುವ ಕೋಣೆಯಲ್ಲಿ ಗಟ್ಟಿಯಾಗಿ ಓದುವಂತಿಲ್ಲ ಎಂದು ಹಿಂದಿನ ಗ್ರೂಪ್ ಡಿಸ್ಕಷನ್ ಕೋಣೆಯ ಬೀಗ ತೆಗೆದು ಕೊಡುತ್ತಿದ್ದವರು ಅವರು. ನಾವು ಅಭ್ಯಾಸಕ್ಕೆ ಬರೆದಿಟ್ಟ ಪ್ರಶ್ನೆ ಚೀಟಿಗಳ ಡಬ್ಬಿ ಅದೇ ಕೋಣೆಯ ಕಪಾಟಿನಲ್ಲಿದೆ. ಒಬ್ಬರು ಚೀಟಿ ಎತ್ತಿ ಓದಬೇಕು, ಮೂರರವರೆಗೆ ಎಣಿಸಬೇಕು, ಆಮೇಲೆ ಹೆಸರು ಕರೆಯಬೇಕು, ಕರೆಸಿಕೊಂಡವರು ಎದ್ದು ನಿಂತೇ ಹೇಳಬೇಕು. ನಾಲ್ಕೈದು ಮಂದಿ ಇದ್ದರೆ ಅರ್ಧ ಗಂಟೆ ಸಾಕು, ಎಂಟು ಮಂದಿ ದಾಟಿದರೆ ಎರಡು ಗುಂಪಾಗಿ. ಅಪ್ಪರ್ ಲಿಂಬ್ ಮತ್ತು ಥೋರಾಕ್ಸ್ ಚೀಟಿಗಳು ತುಂಬಿವೆ. ನ್ಯೂರೋಅನಾಟಮಿ ಮತ್ತು ಎಂಬ್ರಿಯಾಲಜಿ ಚೀಟಿಗಳು ಕಡಿಮೆ, ಹೊಸದಾಗಿ ಬಂದವರು ಬರೆದು ಸೇರಿಸಿಕೊಳ್ಳಿ.